ಒಂದೇ ಅಳಿವೆ, ಮೂರು ರಾತ್ರಿ: ಕರಾವಳಿಯ ಹಳ್ಳಿಗಳಿಗೆ ಗುಂಪಾಗಿ ಹೊರಟವರಿಗೆ

ಪ್ರಶ್ನೆ: ನಾವು ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನ ಐದು ಕುಟುಂಬದವರು, ಒಟ್ಟು 18 ಜನ. ಆರು ಮಕ್ಕಳಿದ್ದಾರೆ, ಎಪ್ಪತ್ತು ದಾಟಿದ ಹಿರಿಯರು ಮೂವರಿದ್ದಾರೆ. ಈ ಸಲ ರೆಸಾರ್ಟ್, ಬೀಚ್ ಬೇಡ, ಕರಾವಳಿಯ ರೈತರ, ಮೀನುಗಾರರ ಊರಿನಲ್ಲಿ ಇದ್ದು ಅವರ ಬದುಕು ನೋಡೋಣ ಎಂದುಕೊಂಡಿದ್ದೇವೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಕಾರವಾರದಿಂದ ಮಂಗಳೂರಿನವರೆಗೆ ನಾಲ್ಕು ದಿನದ ಯೋಜನೆ ಹಾಕಿದ್ದೇವೆ. ಡಿಸೆಂಬರ್ ಕೊನೆಯ ವಾರ ಆಗಬಹುದೇ? ಏನೇನು ನೋಡಬೇಕು? ನಮ್ಮಿಂದ ಊರಿನವರಿಗೆ ತೊಂದರೆಯಾಗದಂತೆ ಹೇಗೆ ನಡೆದುಕೊಳ್ಳಬೇಕು?

ಉತ್ತರ: ಮೊದಲು ಆ ಟೆಂಪೋ ಟ್ರಾವೆಲರ್ ಯೋಜನೆಯನ್ನು ಕೈಬಿಡಿ. ಕಾರವಾರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 270 ಕಿಲೋಮೀಟರ್. 18 ಜನ ಎದ್ದು, ತಿಂಡಿ ತಿಂದು, ಗಾಡಿ ಹತ್ತಿ, ಒಂದೊಂದು ಕಡೆ ಇಳಿದು ಫೋಟೋ ತೆಗೆದು ಮತ್ತೆ ಹತ್ತುವುದರಲ್ಲೇ ನಾಲ್ಕು ದಿನ ಕಳೆದುಹೋಗುತ್ತದೆ. ಹಳ್ಳಿಯ ಬದುಕು ಹೆದ್ದಾರಿಯ ಪಕ್ಕಕ್ಕೆ ಬಂದು ನಿಂತಿರುವುದಿಲ್ಲ. ಬೆಳಗಿನ ಜಾವ ಅಳಿವೆಯಲ್ಲಿ (ಹೊಳೆ ಕಡಲು ಸೇರುವ ಜಾಗದಲ್ಲಿ) ಕೆಲಸ, ಬಿಸಿಲೇರಿದ ಮೇಲೆ ಮನೆಯಲ್ಲಿ, ಇಳಿಹೊತ್ತಿಗೆ ಮತ್ತೆ ಗದ್ದೆಯಲ್ಲಿ ಅಥವಾ ಹಿತ್ತಲಲ್ಲಿ. ಅದನ್ನು ನೋಡಬೇಕಾದರೆ ನೀವು ಅಲ್ಲೇ ಇರಬೇಕು.

ನನ್ನ ಸಲಹೆ ಇಷ್ಟೇ: ಒಂದೇ ಅಳಿವೆ ಆರಿಸಿಕೊಳ್ಳಿ, ಅದರ ದಂಡೆಯ ಊರುಗಳಲ್ಲೇ ಮೂರು ರಾತ್ರಿ ಕಳೆಯಿರಿ. ಯಾವ ಅಳಿವೆ ಎಂದು ಕೇಳಿದರೆ ನಾನು ಅನುಮಾನವಿಲ್ಲದೆ ಅಘನಾಶಿನಿ ಎನ್ನುತ್ತೇನೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಹೊಳೆ ಇದು. ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಘಟ್ಟದ ಗೋಡುಮಣ್ಣು, ಅಂದರೆ ಮೆಕ್ಕಲುಮಣ್ಣು, ಪ್ರತಿ ಮಳೆಗಾಲವೂ ಕೆಳಗಿನ ಗದ್ದೆಗಳಿಗೆ ಇಳಿಯುತ್ತದೆ, ಉಪ್ಪುನೀರು ದಿನಕ್ಕೆರಡು ಸಲ ಹೊಳೆಯೊಳಗೆ ಏರಿ ಬರುತ್ತದೆ. ಇವೆರಡೂ ಸೇರುವ ಜಾಗದಲ್ಲಿ ಭತ್ತ, ಉಪ್ಪು, ಬಳಚು (ತಿನ್ನುವ ಚಿಪ್ಪುಜೀವಿ), ಸಿಗಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಲ್ಲವೂ ಕೆಲವೇ ಕಿಲೋಮೀಟರ್ ಒಳಗೆ ಸಿಗುತ್ತವೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅದಕ್ಕೂ ಮೊದಲು ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂದೆಲ್ಲ ಯೋಜನೆಗಳು ಬಂದಿದ್ದವು, ಜನ ವಿರೋಧಿಸಿದರು. ಜಗಲಿಯಲ್ಲಿ ಕೂತು ಮಾತಿಗೆ ಇಳಿದರೆ ಆ ಕಾಲದ ಸಭೆಗಳ ಕತೆಗಳನ್ನು ಊರಿನ ಹಿರಿಯರೇ ಹೇಳುತ್ತಾರೆ.

ಇನ್ನು ಕಾಲ. ಡಿಸೆಂಬರ್ ಕೊನೆಯ ವಾರ ಖಂಡಿತ ಬೇಡ. ಗೋಕರ್ಣದ ಕಡೆ ಕಾಲಿಡಲು ಜಾಗವಿರುವುದಿಲ್ಲ, ಬಾಡಿಗೆ ಏರಿರುತ್ತದೆ, ಊರಿನವರಿಗೂ ಪ್ರವಾಸಿಗರೆಂದರೆ ಸಾಕಪ್ಪಾ ಅನಿಸಿರುತ್ತದೆ. ನಿಮ್ಮಂತಹ ಗುಂಪಿಗೆ ಎರಡು ಹೊತ್ತು ಚೆನ್ನ. ಒಂದು ದಸರಾ ರಜೆ. ಇನ್ನೊಂದು ಫೆಬ್ರವರಿ ನಡುವಿನಿಂದ ಹೋಳಿ ಹುಣ್ಣಿಮೆಯವರೆಗೆ. ಮಕ್ಕಳ ಪರೀಕ್ಷೆ ಇರುವುದರಿಂದ ನಿಮಗೆ ದಸರೆಯೇ ಸರಿಯಾಗಬಹುದು. ಆದರೆ ಎರಡರಲ್ಲಿ ಕಾಣಸಿಗುವುದು ಬೇರೆ ಬೇರೆ, ಅದನ್ನು ತಿಳಿದುಕೊಂಡು ಆರಿಸಿ.

ದಸರೆಯ ಹೊತ್ತಿಗೆ ಗಜನಿಯಲ್ಲಿ ಕಗ್ಗ ಭತ್ತ ಬೆಳೆದು ನಿಂತಿರುತ್ತದೆ. ಗಜನಿ ಎಂದರೆ ಅಳಿವೆಗೆ ತಾಗಿಕೊಂಡ ತಗ್ಗು ಗದ್ದೆ, ಹೊಳೆಗೂ ಅದಕ್ಕೂ ನಡುವೆ ಮಣ್ಣುಕಲ್ಲಿನ ಕಟ್ಟೆ. ಬೇಸಗೆಯಲ್ಲಿ ಈ ಗದ್ದೆಯೊಳಗೆ ಉಪ್ಪುನೀರು ತುಂಬಿರುತ್ತದೆ. ಜೂನ್ ಮಳೆ ಬಂದು ಉಪ್ಪನ್ನು ತೊಳೆದ ಮೇಲೆ ಬೀಜ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ, ಹೊಳೆ ತಂದು ಹಾಕಿದ ಗೋಡೇ ಗೊಬ್ಬರ. ಕಗ್ಗ ಆಳೆತ್ತರಕ್ಕೆ ಬೆಳೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ, ಉಪ್ಪಿನಂಶವಿರುವ ನೀರಲ್ಲೂ ಸಾಯುವುದಿಲ್ಲ. ಕೊಯ್ಲು ನಡೆಯುವುದು ನೀರಿನೊಳಗೆ ನಿಂತು. ತೆನೆ ಕೊಯ್ದು ದೋಣಿಯಲ್ಲಿ ದಡಕ್ಕೆ ಸಾಗಿಸುವುದನ್ನು ನಿಮ್ಮ ಮಕ್ಕಳು ಒಮ್ಮೆ ನೋಡಿದರೆ, ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಮತ್ತೆ ಹೇಳಿಕೊಡಬೇಕಾಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಉಳಿದ ಕೂಳೆ ನೀರಲ್ಲೇ ಕೊಳೆಯುತ್ತದೆ, ತೂಬಿನ ಬಾಗಿಲು ತೆರೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ, ಆ ನೀರಿನ ಜೊತೆ ಸಿಗಡಿ ಮರಿ, ಮೀನಿನ ಮರಿ ಬಂದು ಅದೇ ಗದ್ದೆಯಲ್ಲಿ ಬೆಳೆಯುತ್ತವೆ. ಒಂದೇ ನೆಲ, ಅರ್ಧ ವರ್ಷ ಭತ್ತಕ್ಕೆ, ಅರ್ಧ ವರ್ಷ ಮೀನಿಗೆ. ಕೊಯ್ಲು ಯಾವ ವಾರ ಎಂಬುದು ಆ ವರ್ಷದ ಮಳೆಯ ಮೇಲೆ ನಿಂತಿರುತ್ತದೆ, ದಿನಾಂಕ ಗೊತ್ತುಮಾಡುವ ಮೊದಲು ಊರಿಗೆ ಫೋನ್ ಮಾಡಿ ಕೇಳಿ.

ಇದೇ ಪದ್ಧತಿ ಈಗ ಕುಗ್ಗುತ್ತಿದೆ. ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಟ್ಟಿದ ಕಟ್ಟೆಗಳು ಅಲ್ಲಲ್ಲಿ ಒಡೆದಿವೆ. ಕಟ್ಟೆ ಒಂದು ಕಡೆ ಬಾಯಿಬಿಟ್ಟರೂ ಹಿಂದಿನ ಎಲ್ಲರ ಗದ್ದೆಯೂ ಹೋಯಿತು. ಸಿಗಡಿಗೆ ಒಳ್ಳೆಯ ದರ ಬಂದಮೇಲೆ ವರ್ಷವಿಡೀ ಉಪ್ಪುನೀರು ಇಟ್ಟುಕೊಂಡರೆ ಲಾಭ ಎಂದು ಹಲವರು ಭತ್ತ ಬಿಟ್ಟರು. ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ, ಸಾಮುದಾಯಿಕ ಬೇಸಾಯ ಮಾಡಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಅವರ ಊರಿಗೆ ಹೋಗಿ ಬರುವಾಗ ಹತ್ತು ಕಿಲೋ ಕಗ್ಗದ ಕೆಂಪಕ್ಕಿ ಕೊಂಡು ಬನ್ನಿ. ಬಾಯಿಮಾತಿನ ಮೆಚ್ಚುಗೆಗಿಂತ ಅದು ಅವರಿಗೆ ಮುಖ್ಯ. ಗಂಜಿ ಮಾಡಿದರೆ ಬಹಳ ರುಚಿ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಗಜನಿಯಲ್ಲಿ ಭತ್ತ ಕಾಣುವುದಿಲ್ಲ. ಬದಲಿಗೆ ಸಾಣಿಕಟ್ಟೆಯ ಉಪ್ಪಿನ ಆಗರ ಪೂರಾ ಕೆಲಸದಲ್ಲಿರುತ್ತದೆ. ಇಡೀ ಕರಾವಳಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಉಬ್ಬರದಲ್ಲಿ ಹೊಳೆಯ ನೀರನ್ನು ದೊಡ್ಡ ಪಾತಿಗೆ ತುಂಬಿಕೊಳ್ಳುತ್ತಾರೆ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ, ಪ್ರತಿ ಹಂತದಲ್ಲೂ ಬಿಸಿಲು ಸ್ವಲ್ಪ ನೀರು ಕುಡಿಯುತ್ತದೆ, ಉಪ್ಪು ಗಟ್ಟಿಯಾಗುತ್ತ ಬರುತ್ತದೆ. ಕೊನೆಯ ಪಾತಿ ಅಂಗೈ ಅಗಲದಷ್ಟೂ ಆಳವಿಲ್ಲ. ಅದರ ತಳವನ್ನು ಕೆಲಸದವರು ಕಾಲಲ್ಲಿ ತುಳಿದು ತುಳಿದು ಸಿಮೆಂಟಿನ ಹಾಗೆ ಗಟ್ಟಿಮಾಡಿರುತ್ತಾರೆ. ನೀರಿನ ಮೇಲೆ ತೆಳುವಾದ ಕೆನೆಯ ಹಾಗೆ ಹರಳು ಕಟ್ಟುತ್ತದೆ, ಭಾರವಾಗಿ ತಳಕ್ಕೆ ಇಳಿಯುತ್ತದೆ, ಉದ್ದ ಹಿಡಿಕೆಯ ಹಲಗೆಯಿಂದ ಅದನ್ನು ಬದುವಿಗೆ ಎಳೆದು ಗುಡ್ಡೆ ಹಾಕುತ್ತಾರೆ. ಎಳೆಯುವಾಗ ಹಲಗೆ ಒಂದಿಷ್ಟು ಆಳಕ್ಕೆ ಹೋದರೂ ಮಣ್ಣು ಎದ್ದು ಉಪ್ಪು ಕೆಡುತ್ತದೆ, ತುಸು ಮೇಲಾದರೆ ಹರಳು ಅಲ್ಲೇ ಉಳಿಯುತ್ತದೆ. ಆ ಕೈಯ ಹದವನ್ನು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ವಾರಗಳ ಕೆಲಸ ಕರಗಿಹೋಗುತ್ತದೆ. ಆಗರಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಬೇಕು, ನಡುಮಧ್ಯಾಹ್ನ ಬಿಳಿ ಉಪ್ಪಿನ ಝಳಕ್ಕೆ ಕಣ್ಣು ಬಿಡಲಾಗುವುದಿಲ್ಲ, ನಿಮ್ಮ ಹಿರಿಯರಂತೂ ಬಳಲುತ್ತಾರೆ. ಬದುವಿನ ಮೇಲಷ್ಟೇ ನಡೆಯಿರಿ, ಪಾತಿಯೊಳಗೆ ಚಪ್ಪಲಿ ಕಾಲು ಇಡಬೇಡಿ. ಆಗರವನ್ನು ನೋಡಿಕೊಳ್ಳುವುದು ಉಪ್ಪಿನ ಮಾಲೀಕರ ಸಹಕಾರಿ ಸಂಘ, ಮೊದಲೇ ಅಲ್ಲಿ ಅನುಮತಿ ಕೇಳಿಕೊಂಡು ಹೋಗಿ.

ಮಕ್ಕಳಿಗೆ ಇಲ್ಲೇ ಒಂದು ಇತಿಹಾಸದ ಪಾಠವನ್ನೂ ಹೇಳಬಹುದು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಪಕ್ಕದ ಅಂಕೋಲೆಯಲ್ಲಿ, ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ. ಆಮೇಲೆ ಅದೇ ಸೀಮೆಯ ರೈತರು ಕರನಿರಾಕರಣೆ ಮಾಡಿ ಭೂಮಿ, ಮನೆ ಕಳೆದುಕೊಂಡರು. ನೀವು ನಡೆದಾಡುವ ಗದ್ದೆಬದುಗಳಿಗೆ ಆ ಕತೆಯೂ ಅಂಟಿಕೊಂಡಿದೆ.

ಅದೇ ತಿಂಗಳುಗಳಲ್ಲಿ ಅಳ್ವೇಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ಹಸಿಯಾಗಿ ತಿಂದರೂ ಖಾರವಿಲ್ಲ. ಜಡೆಯ ಸಮೇತ ಕೊಂಡು ಗಾಳಿಯಾಡುವ ಕಡೆ ನೇತುಹಾಕಿದರೆ ಬಹಳ ದಿನ ಬರುತ್ತದೆ. ಮಾವಿನ ಆಸೆ ಇದ್ದರೆ ಮೇ ತಿಂಗಳಿಗೆ ಬರಬೇಕು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಆಗಿನ ಸೆಕೆಯನ್ನು ನಿಮ್ಮ ಮೂವರು ಹಿರಿಯರು ತಡೆಯಲಾರರು ಎಂದು ನನ್ನ ಅನಿಸಿಕೆ. ಮಳೆಗಾಲ ನೋಡಲು ಚೆಂದ, ಆದರೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲೂ ಕೆರಳಿರುತ್ತದೆ, ಮಕ್ಕಳ ಗುಂಪಿಗೆ ಅದು ಬೇಡ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆಯಿರಿ. ಅಳಿವೆಯ ಊರಿನಲ್ಲಿ ದಿನಚರಿ ನಡೆಯುವುದು ಗಡಿಯಾರದ ಮೇಲಲ್ಲ, ನೀರಿನ ಮೇಲೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಬಳಚು ಹೆಕ್ಕುವವರು ಕಾಯುವುದು ಆ ದೊಡ್ಡ ಇಳಿತಕ್ಕೆ. "ಹತ್ತು ಗಂಟೆಗೆ ಬಳಚು ತೆಗೆಯುವುದನ್ನು ತೋರಿಸಿ" ಎಂದು ಯಾರನ್ನೂ ಕೇಳಬೇಡಿ. "ಈ ದಿನಗಳಲ್ಲಿ ನೀರು ಇಳಿಯುವುದು ಯಾವ ಹೊತ್ತಿಗೆ?" ಎಂದು ಕೇಳಿ, ನಿಮ್ಮ ತಿಂಡಿ, ಊಟ, ನಿದ್ದೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ನಾನು ಹೇಳುವ ಬೇರೆಲ್ಲ ಮಾತು ಮರೆತರೂ ಇದೊಂದನ್ನು ಮರೆಯಬೇಡಿ.

ನೀರು ಇಳಿದಾಗ ಹೊಳೆಯ ನಡುವೆ ಮರಳುದಿಬ್ಬ ಮೇಲೇಳುತ್ತದೆ. ಪಾತಿದೋಣಿಯಲ್ಲಿ ಜನ ಅಲ್ಲಿಗೆ ಹೋಗಿ ಇಳಿಯುತ್ತಾರೆ. ಸೊಂಟದವರೆಗೆ ನೀರಲ್ಲಿ ನಿಂತವರು ಮೊದಲು ಪಾದದಿಂದ ತಡಕುತ್ತಾರೆ, ಚಿಪ್ಪು ತಾಗಿದ ಮೇಲೆ ಬಗ್ಗಿ ಕೈ ಹಾಕುತ್ತಾರೆ. ಹೆಂಗಸರು ಕೆಸರಲ್ಲಿ ಕೂತು ಬೆರಳಿಂದಲೇ ಕೆದಕುತ್ತಾರೆ. ಬುಟ್ಟಿ ತುಂಬುವಷ್ಟರಲ್ಲಿ ನೀರು ಮತ್ತೆ ಏರತೊಡಗುತ್ತದೆ. ಮನೆಗೆ ತಂದು ಬೇಯಿಸಿದರೆ ಚಿಪ್ಪು ತಾನೇ ಬಾಯಿ ಬಿಡುತ್ತದೆ, ಒಳಗಿನದನ್ನು ಬಿಡಿಸಿ ಕಾಯಿತುರಿ, ಮೆಣಸು ಹಾಕಿ ಸುಕ್ಕ ಮಾಡುತ್ತಾರೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ಆ ದಿನದ ಇಳಿತವೇ ಆ ದಿನದ ಸಂಬಳ. ನೀವು 18 ಜನ ಅವರನ್ನು ಅರ್ಧಗಂಟೆ ಮಾತಾಡಿಸಿದರೆ ಬುಟ್ಟಿ ಅಷ್ಟು ಖಾಲಿ ಉಳಿಯುತ್ತದೆ. ಆದ್ದರಿಂದ ಒಬ್ಬಿಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಅವರ ಆ ಹೊತ್ತಿನ ದುಡಿಮೆಗೆ ಕಡಿಮೆಯಿಲ್ಲದಂತೆ ಹಣ ಕೊಟ್ಟು, ಅವರ ಜೊತೆ ಹೋಗಿ. ಉಳಿದವರನ್ನು ಅವರ ಕೆಲಸಕ್ಕೆ ಬಿಡಿ. ಮಕ್ಕಳು ಕೆಸರಿಗೆ ಇಳಿಯಲಿ, ಆದರೆ ಹಳೆಯ ಬೂಟು ಹಾಕಿಕೊಂಡೇ ಇಳಿಯಲಿ, ಕಲ್ಲಿಗಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ದೋಣಿ ಹತ್ತುವಾಗ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಬೇಕು. ಇಲ್ಲದಿದ್ದರೆ ಹತ್ತಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ ಸರಿ. ಅಳಿವೆಯ ಬಾಯಿಯ ಹತ್ತಿರ ಈಜುವುದಂತೂ ಬೇಡವೇ ಬೇಡ, ಇಳಿತದ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಈ ಸೀಮೆಯಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಅಂದರೆ ಸಣ್ಣ ಕೇರಿಗಳು, ಇವೆ. ಗೋಕರ್ಣದ ಪೇಟೆಯಲ್ಲಿ ಬೆಳಿಗ್ಗೆ ಹರಿವೆ, ಮೂಲಂಗಿ, ಬದನೆ, ಗೆಣಸು ಹರಡಿಕೊಂಡು ಕೂತಿರುವ, ಕೊರಳ ತುಂಬ ಮಣಿಸರ ಹಾಕಿರುವ ಹೆಂಗಸರನ್ನು ನೀವು ನೋಡುತ್ತೀರಿ. ಮರಳುಮಣ್ಣಿನಲ್ಲಿ ತರಕಾರಿ ಬೆಳೆಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಅಂಕೋಲಾ ತಾಲೂಕಿನ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು, ಸಸಿ ಬೆಳೆಸಿ ಕಾಡು ಕಟ್ಟಿದ ತುಳಸಿ ಗೌಡರು ಇದೇ ಸಮುದಾಯದವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಈಗ ಇಬ್ಬರೂ ಇಲ್ಲ. ಆದರೆ ದಯವಿಟ್ಟು ಇವರ ಕೇರಿಯನ್ನು ಪ್ರದರ್ಶನದಂತೆ ನೋಡಬೇಡಿ. ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಕೇಳಿ, ಬೇಡ ಎಂದರೆ ಮೊಬೈಲ್ ಕಿಸೆಗೆ ಹಾಕಿ. ಗಂಡಸರನ್ನು ಗೌಡ್ರೇ ಎಂದು, ಹೆಂಗಸರನ್ನು ಅಕ್ಕಾ, ಅಮ್ಮಾ ಎಂದು ಮಾತಾಡಿಸಿ. "ಒಂದು ಹಾಡು ಹೇಳಿ, ಒಂದು ಕುಣಿತ ತೋರಿಸಿ" ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳುವುದು ಅವಮಾನ. ಹಾಡು ಕೇಳುವ ಮನಸ್ಸಿದ್ದರೆ ಉಳಿದುಕೊಂಡ ಮನೆಯವರ ಮೂಲಕ ಒಂದು ಸಂಜೆ ಗೊತ್ತುಮಾಡಿ, ಹಣವನ್ನು ಹಾಡುವವರ ಕೈಗೇ ಕೊಟ್ಟು, ಅಂಗಳದಲ್ಲಿ ಕೂತು ಪೂರ್ತಿ ಕೇಳಿ. ಹೋಳಿಯ ದಿನಗಳಲ್ಲಿ ಬಂದರೆ ಸುಗ್ಗಿ ಕುಣಿತದ ಮೇಳ ತಲೆಗೆ ತುರಾಯಿ ಕಟ್ಟಿಕೊಂಡು ಮನೆಮನೆಗೆ ಬರುವುದನ್ನು ಕಾಣಬಹುದು. ಅದು ಅವರ ದೇವರ ಕೆಲಸ. ನೀವು ಬದಿಯಲ್ಲಿ ನಿಂತು ನೋಡಬೇಕೇ ಹೊರತು ನಡುವೆ ನುಗ್ಗಿ ರೀಲ್ಸ್ ಮಾಡಬಾರದು.

ಕುಡಿತದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಸುಕ್ರಜ್ಜಿ ಹಾಡಿಗೆ ಎಷ್ಟು ಹೆಸರಾಗಿದ್ದರೋ ತಮ್ಮ ಬಡಗೇರಿಯಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ್ದಕ್ಕೂ ಅಷ್ಟೇ ಹೆಸರಾಗಿದ್ದರು. ಆ ಸೀಮೆಯ ಮನೆಗಳ ಅಂಗಳದಲ್ಲಿ ಬಾಟಲಿ ತೆರೆದು ಕೂರುವುದು ಸಲ್ಲದು. ನಿಮ್ಮ ಗುಂಪಿನಲ್ಲಿ ಅದಿಲ್ಲದೆ ಆಗದವರಿದ್ದರೆ ಈ ಪ್ರವಾಸ ಅವರಿಗಲ್ಲ.

18 ಜನ ಒಂದೇ ಮನೆಗೆ ಹೋಗಬೇಡಿ. ಒಂದೇ ಊರಿನ ಅಥವಾ ಹೊಳೆಯ ಆಚೀಚೆಯ ಎರಡು ಮೂರು ಮನೆಗಳಲ್ಲಿ ಹಂಚಿಕೊಳ್ಳಿ. ಬಚ್ಚಲು, ಶೌಚಾಲಯ, ಬಾವಿ ನೀರು ಇವೇ ಹೋಮ್‌ಸ್ಟೇಗಳ ನಿಜವಾದ ಮಿತಿ. ಬೇಸಗೆಯಲ್ಲಿ ಕೆಲವು ಬಾವಿಗಳಿಗೆ ಉಪ್ಪು ಏರುತ್ತದೆ, ಹೀಗಾಗಿ ಸಿಹಿನೀರನ್ನು ಅಳೆದು ಬಳಸುತ್ತಾರೆ. ಅದನ್ನು ಮಕ್ಕಳಿಗೂ ಮೊದಲೇ ಹೇಳಿಡಿ. ಹಿರಿಯರು ಇರುವ ಮನೆಯಲ್ಲಿ ಕಮೋಡ್ ಇದೆಯೇ, ಮೆಟ್ಟಿಲು ಎಷ್ಟಿವೆ ಎಂದು ನಾಚದೆ ಕೇಳಿ. ಊಟದ ವಿಷಯದಲ್ಲೂ ಮೊದಲೇ ಮಾತು ಸ್ಪಷ್ಟವಿರಲಿ. ಕೆಲವು ಮನೆಗಳಲ್ಲಿ ಮೀನು ಒಲೆಗೆ ಹತ್ತುವುದಿಲ್ಲ, ಕೆಲವು ಮನೆಗಳಲ್ಲಿ ಮೀನಿಲ್ಲದೆ ಊಟವೇ ಇಲ್ಲ. ನಿಮ್ಮಲ್ಲಿ ಎರಡೂ ಬಗೆಯವರಿದ್ದರೆ ಮನೆಗಳನ್ನು ಹಾಗೇ ಹಂಚಿಕೊಳ್ಳಬಹುದು. ಒಂದು ಕಡೆ ತೆಳ್ಳೇವು, ತಂಬ್ಳಿ, ಅಪ್ಪೆಹುಳಿ, ಕೊಟ್ಟೆ ರೊಟ್ಟಿ, ಇನ್ನೊಂದು ಕಡೆ ಕುಚಲಕ್ಕಿ ಅನ್ನ, ಬಂಗಡೆ ಪಳದಿ, ಹುರಿದ ನೊಗಲಿ ಮೀನು. ಮನೆಯವರು ದಿನಾ ಏನು ಉಣ್ಣುತ್ತಾರೋ ಅದನ್ನೇ ಬಡಿಸಿ ಎಂದು ಹೇಳಿ. ಪೇಟೆಯಿಂದ ಬಂದವರಿಗೆಂದು ಅವರು ಪನೀರ್ ತರಲು ಕುಮಟೆಗೆ ಓಡುವುದು ಯಾರಿಗೂ ಸುಖವಲ್ಲ.

ಬರುವ ದಾರಿ ಸುಲಭ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಕುಮಟಾ, ಗೋಕರ್ಣ ರೋಡ್, ಅಂಕೋಲಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಸ್ಥಳೀಯ ಗಾಡಿ ಮಾಡಿಕೊಳ್ಳಿ, ಚಾಲಕನಿಗೆ ಕೇರಿಯ ಇಕ್ಕಟ್ಟು ರಸ್ತೆ ಗೊತ್ತಿರುತ್ತದೆ, ದುಡ್ಡೂ ಊರಲ್ಲೇ ಉಳಿಯುತ್ತದೆ. ಬಂದ ದಿನ ಮಿರ್ಜಾನ್ ಕೋಟೆ ಒಂದನ್ನು ನೋಡಿ ಸಾಕುಮಾಡಿ, ಆಯಾಸ ಕಳೆಯಲಿ. ಎರಡನೆಯ ದಿನ ಪೂರ್ತಿ ಇಳಿತಕ್ಕೂ ಗಜನಿ ಅಥವಾ ಆಗರಕ್ಕೂ ಮೀಸಲಿಡಿ. ಮೂರನೆಯ ದಿನ ತದಡಿ ಬಂದರಿನಲ್ಲಿ ಬೆಳಗಿನ ಮೀನಿನ ಹರಾಜು ನೋಡಿ, ಅಲ್ಲಿಂದ ದೋಣಿಯಲ್ಲಿ ಎದುರು ದಡದ ಅಘನಾಶಿನಿ ಊರಿಗೆ ದಾಟಿ. ರಸ್ತೆಯಲ್ಲಿ ಸುತ್ತಿ ಬರುವವರಿಗೆ ದೂರ, ದೋಣಿಯಲ್ಲಿ ಕೆಲವೇ ನಿಮಿಷ. ನವೆಂಬರ್‌ನಿಂದ ಮೇವರೆಗೆ ಯಕ್ಷಗಾನ ಮೇಳಗಳ ತಿರುಗಾಟ, ಹತ್ತಿರದಲ್ಲಿ ಬಯಲಾಟವಿದ್ದರೆ ಸಂಜೆಯ ಉಳಿದ ಕಾರ್ಯಕ್ರಮವೆಲ್ಲ ಬಿಟ್ಟು ಅಲ್ಲಿಗೆ ಹೋಗಿ. ಮಕ್ಕಳು ಚಂಡೆಯ ಪೆಟ್ಟಿಗೆ ನಿದ್ದೆ ಮರೆಯುತ್ತಾರೆ. ನಾಲ್ಕನೆಯ ದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುವವರ ಪಕ್ಕ ಕೂತರೂ ಹೊತ್ತು ಹೋಗುತ್ತದೆ. ಯಾರದಾದರೂ ಜಗಲಿ ಹತ್ತಿದರೆ "ಆಸರಿಗೆ (ಬಾಯಾರಿಕೆಗೆ) ಏನು ಬೇಕು?" ಎಂದು ಕೇಳಿಯೇ ಕೇಳುತ್ತಾರೆ. ಬೆಲ್ಲ ನೀರೋ ಮುರುಗಲ ಪಾನಕವೋ ಕೊಟ್ಟದ್ದನ್ನು ಕುಡಿಯಿರಿ, ಬೇಡವೆಂದು ಏಳಬೇಡಿ.

ಈಗ ಮಾಡಬೇಕಾದ ಮೊದಲ ಕೆಲಸ: ಅಳಿವೆಯ ದಂಡೆಯ ಒಂದು ಮನೆಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಈ ವರ್ಷ ಕಗ್ಗದ ಕೊಯ್ಲು ಎಂದು ಆಗಬಹುದು, ನಾವು ಹೇಳುವ ದಿನಗಳಲ್ಲಿ ನೀರು ಇಳಿಯುವ ಹೊತ್ತು ಯಾವುದು, ನಿಮ್ಮಲ್ಲಿ ಎಷ್ಟು ಜನಕ್ಕೆ ಆರಾಮಾಗಿ ಆಗುತ್ತದೆ, ಉಳಿದವರಿಗೆ ಪಕ್ಕದಲ್ಲಿ ಯಾವ ಮನೆ. ಅವರ ಉತ್ತರ ಬಂದ ಮೇಲೆಯೇ ರೈಲಿನ ಟಿಕೆಟ್ ತೆಗೆಯಿರಿ.